ಕೈ ತಪ್ಪಬಹುದಾದ ಜಾಗ

ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ, ಆ ಕಂಪನಿ ಕಟ್ಟಿದ ಮೈದುನನಿಗೆ. ಅವನು ಮೊದಲ ದಿನ ಎಲ್ಲರ ಮುಂದೆ "ಅತ್ತಿಗೆ, ಇಲ್ಲಿ ಕೂತ್ಕೊಳ್ಳಿ" ಅಂದದ್ದೇ ತಡ, ಉಳಿದವರ ಬಾಯಿಗೂ ಅದೇ ಹತ್ತಿತು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಲೆಕ್ಕದವರು ಕೂಡ "ಅತ್ತಿಗೆ, ಸ್ವಲ್ಪ ಫ್ಯಾನ್ ಹಾಕ್ತೀರಾ" ಅನ್ನುತ್ತಿದ್ದರು. ಬಾಡಿಗೆ ಕೇಳಲು ಬರುವ ಕಟ್ಟಡದವನೂ ಹಾಗೆಯೇ. "ಕಟ್ಟಿಕೊಂಡದ್ದು ಒಬ್ಬನನ್ನ, ಮೈದುನಂದಿರು ಮಾತ್ರ ಮೆಟ್ಟಿಲು ತುಂಬಾ" ಎಂದು ಅವಳು ನಗುತ್ತಿದ್ದಳು.

ಆಫೀಸು ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಆ ಕಿಟಕಿಯ ಪಕ್ಕವೇ ಅವಳ ಮೇಜು. ಮೇಜಿನ ಮೇಲೆ ಬೇರೆ ಯಾರಿಗೂ ಬೇಡವಾದ ಒಂದು ಹಳೆಯ ಕಂಪ್ಯೂಟರ್, ಒಂದು ನೀರಿನ ಲೋಟ.

ಮೊದಲು ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಅಚ್ಚುಕೂಟ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದಳು. ಮೈದುನ ಬಂದು ಕೆಲಸಕ್ಕೆ ಕರೆದಾಗ, "ನಂಗೆ ಕಂಪ್ಯೂಟರ್ ತಲೆ ಬಾಲ ಗೊತ್ತಿಲ್ಲ ಕಣೋ" ಎಂದಳು.

"ಅದಕ್ಕೇ ಅತ್ತಿಗೆ ನೀವು ಬೇಕು. ನಾವು ಬರೆದದ್ದು ನಮಗೇ ಅರ್ಥ ಆಗತ್ತೆ, ಬೇರೆಯವರಿಗೆ ಆಗಲ್ಲ. ನಿಮಗೆ ಅರ್ಥ ಆಯ್ತು ಅಂದ್ರೆ ಗೋಡೆಗೂ ಅರ್ಥ ಆಗತ್ತೆ."

"ಹೊಗಳಿದೆಯೋ ಬೈದೆಯೋ ಅದನ್ನ ಮೊದಲು ಹೇಳು."

ಕಂಪನಿ ಮಾಡಿದ ತಂತ್ರಾಂಶಕ್ಕೆ ದೋಣಿ ಎಂದು ಹೆಸರು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಸಂದೇಶಗಳನ್ನು ಇದು ದಾರಿಯಲ್ಲಿ ಕಳೆಯದಂತೆ ದಾಟಿಸುತ್ತದೆ. ಆಚೆ ದಡದ ಕಂಪ್ಯೂಟರ್ ಮಲಗಿದ್ದರೆ, ಅದು ಏಳುವ ತನಕ ಸಂದೇಶವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಕಣ್ಣಿಗೆ ಕಾಣುವ ವಸ್ತುವಲ್ಲ. ಟಿಕೆಟ್ ಕೊಂಡವರಿಗೆ, ಬಿಲ್ ಕಟ್ಟಿದವರಿಗೆ ನಡುವೆ ಇಂಥದ್ದೊಂದು ದೋಣಿ ಓಡಾಡಿತೆಂದು ಗೊತ್ತೂ ಆಗುವುದಿಲ್ಲ. ಇದು ಓಪನ್ ಸೋರ್ಸ್. ಎಂದರೆ ಅದರ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಎಲ್ಲೆಲ್ಲಿಯದೋ ಜನ ತಿದ್ದಿ ಕಳಿಸಿದ್ದೂ ಅದರಲ್ಲಿ ಸೇರಿಕೊಂಡಿತ್ತು.

ಅತ್ತೆಗೆ ಈ ವ್ಯಾಪಾರ ಎಂದೂ ತಲೆಗೆ ಹೋಗಲಿಲ್ಲ. "ಪುಕ್ಕಟೆ ಕೊಟ್ರೆ ಒಲೆ ಹ್ಯಾಗೆ ಉರಿಯತ್ತೆ?" ಎಂದು ಸೊಸೆಯನ್ನು ಕೇಳುತ್ತಿದ್ದರು. "ಹುಟ್ಟಿದಾಗಿನಿಂದ ಹೀಗೇ ನನ್ನ ಚಿಕ್ಕ ಮಗ. ಆಟದ ಸಾಮಾನೆಲ್ಲ ಬೀದಿಗೆ ಹಂಚೋದು, ಆಮೇಲೆ ಆಡೋಕೆ ಏನೂ ಇಲ್ಲ ಅಂತ ನನ್ನ ಸೆರಗು ಎಳೆಯೋದು."

"ದೋಣಿ ಪುಕ್ಕಟೆ ಅತ್ತೆ. ಕೆಟ್ಟಾಗ ಫೋನ್ ಮಾಡಿ ಕೇಳೋದಕ್ಕೆ ವರ್ಷಕ್ಕೆ ಇಷ್ಟು ಅಂತ ಕೊಡ್ತಾರೆ."

"ಕೆಡದೇ ಇದ್ರೆ?"

ಅತ್ತಿಗೆ ಆಗ ನಕ್ಕುಬಿಟ್ಟಿದ್ದಳು.

ಅವಳ ಕೆಲಸ ದೋಣಿಯನ್ನು ನಡೆಸುವವರಿಗಾಗಿ ಪುಟಗಳನ್ನು ಬರೆಯುವುದು: ಹೇಗೆ ಇಳಿಸಿಕೊಳ್ಳಬೇಕು, ಹೇಗೆ ಕಟ್ಟಬೇಕು, ನಿಂತರೆ ಏನು ಮಾಡಬೇಕು. ಅವಳದೇ ಒಂದು ಕ್ರಮವಿತ್ತು. ತಂತ್ರಾಂಶ ಬರೆಯುವ ಹುಡುಗರು ಹೇಳಿದ್ದನ್ನು ಕೇಳಿಕೊಂಡು ಬರೆದುಬಿಡುತ್ತಿರಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ, ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದು, ಆ ಹಳೆಯ ಕಂಪ್ಯೂಟರಿನಲ್ಲಿ ಪ್ರತಿಯೊಂದನ್ನೂ ತಾನೇ ಮಾಡಿ ನೋಡುತ್ತಿದ್ದಳು. ತನ್ನ ಕೈ ಎಲ್ಲಿ ಅನುಮಾನಿಸಿತೋ, ಎಲ್ಲಿ ತಪ್ಪಿತೋ, ಅದನ್ನು ಪುಟದ ಕೊನೆಯಲ್ಲಿ 'ಇಲ್ಲಿ ಕೈ ತಪ್ಪಬಹುದು' ಎಂಬ ತಲೆಬರಹದ ಕೆಳಗೆ ಬರೆಯುತ್ತಿದ್ದಳು. ಬೇರೆ ಕಂಪನಿಗಳ ಪುಟಗಳಲ್ಲಿ ಇದು ಇರಲಿಲ್ಲ. ಅವಳ ಪುಟ ಇದಿಲ್ಲದೆ ಮುಗಿಯುತ್ತಿರಲಿಲ್ಲ. ಒಂದು ಕಡೆ, ದೋಣಿ ತನ್ನ ಹೊರೆಯನ್ನೆಲ್ಲ ಇಳಿಸುವಾಗ ಬಹಳ ಹೊತ್ತು ಪರದೆ ಸುಮ್ಮನೆ ಇರುತ್ತದೆ. ಅದು ಸತ್ತಿತೆಂದು ಹೆದರಿ ಅವಳೇ ಒಮ್ಮೆ ನಡುವೆ ನಿಲ್ಲಿಸಿ ಕೆಡಿಸಿದ್ದಳು. ಅದಕ್ಕೆ ಆ ಪುಟದಲ್ಲಿ ಬರೆದಳು: 'ಈಗ ಏನನ್ನೂ ಮುಟ್ಟಬೇಡಿ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.' ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಯಾರೂ ಅದನ್ನು ತೆಗೆಯಲಿಲ್ಲ.

ಮೊದಲ ಕೆಲವು ವರ್ಷ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಒಪ್ಪಂದಗಳು ಬಂದವು, ಎರಡನೆಯ ಕೋಣೆ ಹಿಡಿದದ್ದು ಆಗಲೇ. ಆಮೇಲೆ ಫೋನು ಮೆಲ್ಲಗೆ ಬಾಯಿ ಮುಚ್ಚಿತು. ವರ್ಷ ತುಂಬಿದ ಒಪ್ಪಂದಗಳನ್ನು ಜನ ಮುಂದುವರಿಸಲಿಲ್ಲ.

ಮಾರಾಟ ನೋಡಿಕೊಳ್ಳುವವನನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ಅವನ ಮಾತು ನಿಂತದ್ದನ್ನು ಕಂಡವರಿಲ್ಲ. ಬಿಟ್ಟುಹೋದ ದೊಡ್ಡ ಗಿರಾಕಿಯೊಬ್ಬರಿಗೆ ಫೋನ್ ಮಾಡಿ ಮುಗಿಸಿದವನು ಮಾತಿಲ್ಲದೆ ಕೂತ. ಅದನ್ನು ನೋಡಿಯೇ ಎಲ್ಲರಿಗೂ ಗಾಬರಿಯಾಯಿತು.

"ಏನಂದ್ರೋ?" ಎಂದ ಮೈದುನ.

"ದೂರು ಏನೂ ಇಲ್ವಂತೆ. ವರ್ಷಪೂರ್ತಿ ಒಂದೇ ಒಂದು ಸಲಾನೂ ನಮಗೆ ಫೋನ್ ಮಾಡೋ ಅಗತ್ಯ ಬೀಳಲಿಲ್ವಂತೆ. ಏನು ಬೇಕಾದ್ರೂ ಆ ಪುಟಗಳಲ್ಲೇ ಸಿಗತ್ತಂತೆ. ಬರೆದವರಿಗೆ ನಮಸ್ಕಾರ ತಿಳಿಸಿ ಅಂದ್ರು." ಗಿಳಿ ಕಿಟಕಿಯ ಕಡೆ ತಿರುಗಿ ಕೈ ಮುಗಿದ. "ತಗೊಳ್ಳಿ ಅತ್ತಿಗೆ, ನಮಸ್ಕಾರ. ನಮ್ಮ ಅನ್ನಕ್ಕೆ ಇಷ್ಟು ಚೆನ್ನಾಗಿ ಯಾರೂ ಕಲ್ಲು ಹಾಕಿರಲಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಲೆಕ್ಕದವರು ಆ ಗಿರಾಕಿಯ ಹೆಸರನ್ನು ಪುಸ್ತಕದಲ್ಲಿ ಹೊಡೆದುಹಾಕಿದರು.

ಇನ್ನೊಂದು ಪೆಟ್ಟೂ ಅದೇ ಕಾಲಕ್ಕೆ ಬಿತ್ತು. ಸಾವಿರಾರು ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುವ ಭಾರಿ ಕಂಪನಿಯೊಂದು ದೋಣಿಯನ್ನು ಹಾಗೆಯೇ ಎತ್ತಿಕೊಂಡು ತನ್ನ ಯಂತ್ರಗಳಲ್ಲಿ ನಡೆಸಿ, ತಿಂಗಳ ಬಾಡಿಗೆಗೆ ಕೊಡತೊಡಗಿತು. ತೆರೆದಿಟ್ಟದ್ದನ್ನು ಒಯ್ದರೆ ಕಳ್ಳತನವೂ ಅಲ್ಲ. ಅವರ ಪುಟಗಳನ್ನು ಮೈದುನ ಅತ್ತಿಗೆಗೆ ತೋರಿಸಿದ. ಓದುತ್ತಾ ಹೋದವಳಿಗೆ ನಡುವೆ ಕಂಡಿತು: 'ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.' ಅದನ್ನೂ ಬಿಟ್ಟಿರಲಿಲ್ಲ. ತನ್ನ ಮಗು ಬೇರೆಯವರ ಮನೆಯ ಜಗಲಿಯಲ್ಲಿ ಆಡುತ್ತಿರುವುದನ್ನು ಕಂಡ ಹಾಗಾಯಿತು. ಮೊದಲು ಹೆಮ್ಮೆ ಎನಿಸಿತು. ಆಮೇಲೆ, ಆ ಮನೆಯವರು ಇವಳಿಗೆ ಒಂದು ಲೋಟ ನೀರನ್ನೂ ಕೊಡುವವರಲ್ಲ ಎಂಬುದು ಹೊಳೆಯಿತು.

ಹೀಗೇ ನಡೆದರೆ ಇನ್ನೊಂದು ಮಳೆಗಾಲ ದಾಟುವುದಿಲ್ಲ ಎಂದು ಲೆಕ್ಕದವರು ಹೇಳಿದ ದಿನ ಎಲ್ಲರೂ ಒಳಕೋಣೆಯಲ್ಲಿ ಕೂತರು. ದೋಣಿಗೆ ಬೀಗ ಹಾಕಿಬಿಡೋಣ, ಇನ್ನು ಮೇಲೆ ದುಡ್ಡು ಕೊಟ್ಟವರಿಗೆ ಮಾತ್ರ ಎಂದು ಒಬ್ಬ ಅಂದ. ಮೈದುನ ಒಪ್ಪಲಿಲ್ಲ. "ಯಾರು ಯಾರೋ ಬಂದು ಹುಟ್ಟು ಹಾಕಿದ ದೋಣಿ ಅದು. ನಡು ನೀರಲ್ಲಿ ಅವರನ್ನ ಇಳೀರಿ ಅನ್ನೋಕಾಗಲ್ಲ."

ಆಗ ಗಿಳಿ ಗಂಟಲು ಸರಿಮಾಡಿಕೊಂಡ. ದೋಣಿಯ ಹೊಸ ಆವೃತ್ತಿ ಬರುವುದಿತ್ತು. ಹಳೆಯದರಿಂದ ಹೊಸದಕ್ಕೆ ಹೋಗುವ ಪುಟವನ್ನು ಅತ್ತಿಗೆ ಆಗಲೇ ಬರೆದು ಮುಗಿಸಿದ್ದಳು.

"ಅತ್ತಿಗೆ, ಕೋಪ ಮಾಡ್ಕೋಬೇಡಿ. ನಿಮ್ಮ ಪುಟ ಇರೋ ಹಾಗೇ ಎಲ್ಲರಿಗೂ ಇರ್ಲಿ. ಆ ಕೊನೇ ತುಂಡು ಇದೆಯಲ್ಲ, ಕೈ ತಪ್ಪೋದು, ಅದು ಮಾತ್ರ ದುಡ್ಡು ಕೊಟ್ಟೋರಿಗೆ."

"ಅದಿಲ್ದೆ ಹೋದ್ರೆ ಜನ ಬೀಳ್ತಾರಲ್ಲಪ್ಪ."

"ಬೀಳಲ್ಲ ಅತ್ತಿಗೆ, ಎಡವ್ತಾರೆ. ಎಡವಿದ್ರೆ ಫೋನ್ ಮಾಡ್ತಾರೆ. ಫೋನ್ ಮಾಡಿದ್ರೆ ನಾವಿದ್ದೀವಿ. ಸುಳ್ಳೇನೂ ಹೇಳ್ತಿಲ್ವಲ್ಲ, ಸುಮ್ನಿರ್ತೀವಿ ಅಷ್ಟೆ."

ಅವಳು ಮೈದುನನ ಕಡೆ ನೋಡಿದಳು. ಅವನು ಮೇಜಿನ ಮೇಲಿನ ಪೆನ್ನನ್ನು ಉರುಳಿಸುತ್ತಿದ್ದ. "ಬೀಗ ಹಾಕೋದಕ್ಕಿಂತ ಇದು ವಾಸಿ ಅಲ್ವಾ ಅತ್ತಿಗೆ?" ಎಂದ, ತಲೆಯೆತ್ತದೆ.

ಕೋಣೆಯಲ್ಲಿದ್ದ ಒಬ್ಬೊಬ್ಬರ ಮನೆಯೂ ಅವಳಿಗೆ ಗೊತ್ತಿತ್ತು. ಒಬ್ಬನ ಹೆಂಡತಿ ಬಸುರಿ. ಲೆಕ್ಕದವರಿಗೆ ಈ ವಯಸ್ಸಿನಲ್ಲಿ ಬೇರೆ ಕಡೆ ಯಾರು ಕೆಲಸ ಕೊಟ್ಟಾರು? ಅವಳು ಹೂಂ ಅಂದಳು. ಮೇಜಿಗೆ ಹೋಗಿ ಆ ಸಾಲುಗಳನ್ನು ಕತ್ತರಿಸಿ, ದುಡ್ಡು ಕೊಟ್ಟವರ ಪುಟಕ್ಕೆ ಅಂಟಿಸಿದಳು. ಆ ದಿನ ಕೆಲಸಕ್ಕೆ ಮುಂಚೆ ಕಣ್ಣು ಮುಚ್ಚಲಿಲ್ಲ. ದೇವರನ್ನು ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂಬ ಭಯ.

ಗಿಳಿ ಹೇಳಿದ್ದು ನಿಜವಾಯಿತು. ಹೊಸ ಆವೃತ್ತಿ ಹೊರಬಿದ್ದ ಮೇಲೆ ಫೋನು ಮತ್ತೆ ಬಡಿದುಕೊಂಡಿತು. ಕೆಲವರು ಗೊಣಗಿಕೊಂಡೇ ಒಪ್ಪಂದಕ್ಕೆ ಸಹಿ ಹಾಕಿದರು. ಆ ತಿಂಗಳ ಸಂಬಳ ತಡವಾಗಲಿಲ್ಲ. ಗಿಳಿ ಎಲ್ಲರಿಗೂ ಸಿಹಿ ಹಂಚಿದ. ಅತ್ತಿಗೆ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಅತ್ತೆಗೆ ಒಯ್ದಳು.

"ಏನು ವಿಶೇಷ?"

"ಕಂಪನಿ ಚೇತರಿಸಿಕೊಂಡಿದೆ ಅತ್ತೆ."

"ಮತ್ತೆ ನೀನ್ಯಾಕೆ ಜ್ವರ ಬಂದೋಳ ಹಾಗಿದ್ದೀಯ?"

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಿದ್ದಾಗ ಫೋನು ಬಂತು. ಎತ್ತಿದವಳು ಅತ್ತಿಗೆಯೇ. ದೂರದ ಒಂದು ಊರಿನ ಬಸ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಒಪ್ಪಂದ ಇರುವವನಲ್ಲ, ಪುಟದ ಅಡಿಯಲ್ಲಿದ್ದ ನಂಬರು ನೋಡಿ ಮಾಡಿದ್ದ. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಅಮ್ಮಾ, ನಾನೆಲ್ಲಿ ತಪ್ಪಿದೆ ಅಂತ ಹೇಳ್ತೀರಾ? ಹೊಸ ದೋಣಿ ಹಾಕಿದೆ. ಹಳೇದ್ರಲ್ಲಿ ಕಾಯ್ತಿದ್ದ ಟಿಕೆಟ್ ಎಲ್ಲ ಮಾಯ ಆಗಿದೆ. ಒಂದೊಂದು ಸೀಟು ಇಬ್ಬಿಬ್ಬರಿಗೆ ಮಾರಿದ್ದೀವಿ. ನಿಲ್ದಾಣದಲ್ಲಿ ಜನ ಕಾಲರ್ ಹಿಡ್ಕೊಂಡಿದ್ದಾರೆ. ನಾನು ಪುಟದಲ್ಲಿ ಇದ್ದ ಹಾಗೇ ಮಾಡಿದ್ದು, ದೇವರಾಣೆ."

"ಹಳೇ ದೋಣಿ ಖಾಲಿ ಆಗೋ ತನಕ ಕಾದಿರಾ?"

"ಕಾಯಬೇಕಿತ್ತಾ? ನಿಮ್ಮ ಪುಟಗಳಲ್ಲಿ ಯಾವಾಗ್ಲೂ ಕೊನೇಲಿ ಕೈ ತಪ್ಪಬಹುದು ಅಂತ ಇರತ್ತಲ್ಲ, ನಾನು ಮೊದಲು ಅದನ್ನೇ ಓದೋದು. ಈ ಸಲ ಇರಲಿಲ್ಲ. ಹಾಗಾದ್ರೆ ಇದ್ರಲ್ಲಿ ತಪ್ಪೋ ಜಾಗಾನೇ ಇಲ್ಲ ಅಂದ್ಕೊಂಡೆ."

ಇಷ್ಟು ವರ್ಷ ಆ ತಲೆಬರಹವನ್ನು ಬರೆದು ಬರೆದು, ಅದು ಇಲ್ಲದಿರುವುದೂ ಒಂದು ಮಾತೇ ಆಗುವ ಹಾಗೆ ಜನರಿಗೆ ಅಭ್ಯಾಸ ಮಾಡಿಸಿದವಳು ತಾನೇ. ಸುಮ್ಮನಿದ್ದೇವೆ ಎಂದುಕೊಂಡಿದ್ದರು. ಆ ಖಾಲಿ ಜಾಗ ಇವನ ಕಿವಿಯಲ್ಲಿ 'ಭಯವಿಲ್ಲ, ಹೋಗು' ಎಂದಿತ್ತು.

"ಯಂತ್ರ ಆರಿಸಿದ್ದೀರಾ?" ಎಂದಳು.

"ಇಲ್ಲ, ಆರಿಸಿ ಹಾಕೋಣ ಅಂತಿದ್ದೆ."

"ಬೇಡಪ್ಪಾ, ಏನೂ ಮುಟ್ಟಬೇಡಿ. ಹಳೇ ದೋಣಿ ಇನ್ನೂ ಎದ್ದಿದ್ರೆ ಅದರ ಹೊಟ್ಟೇಲಿ ಎಲ್ಲ ಇರತ್ತೆ. ಆರಿಸಿದ್ರೆ ಮಾತ್ರ ಹೋಯ್ತು. ಎದ್ದು ಹೋಗಿ ಒಂದು ಲೋಟ ನೀರು ಕುಡೀರಿ. ನಾನು ಲೈನಲ್ಲೇ ಇರ್ತೀನಿ."

ಅತ್ತ ಕಡೆ ಕುರ್ಚಿ ಸರಿದ ಸದ್ದು. ಅವಳು ಕಿಟಕಿಯಿಂದ ಬಗ್ಗಿ, ಕೆಳಗೆ ಟೈರ್ ಅಂಗಡಿಯ ಮುಂದೆ ನಿಂತಿದ್ದ ಮೈದುನನನ್ನು ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ಅವನು ಕೇಳಿರಲೇ ಇಲ್ಲ. ಊಟ ಬಿಟ್ಟು ಓಡಿ ಬಂದ. ಅವನೂ ಇನ್ನೊಬ್ಬ ಹುಡುಗನೂ ಸಂಜೆಯ ತನಕ ಕೂತು, ಆ ದೂರದ ಯಂತ್ರದ ಹೊಟ್ಟೆಯಿಂದ ಸಂದೇಶಗಳನ್ನು ಒಂದೊಂದಾಗಿ ಎತ್ತಿದರು. ಬಹಳಷ್ಟು ಸಿಕ್ಕಿತು, ಎಲ್ಲವೂ ಸಿಗಲಿಲ್ಲ.

ಮುಗಿದ ಮೇಲೆ ಬಸ್ಸಿನವನು, "ನಮ್ಮ ಯಜಮಾನಿ ಏನು ಮಾಡ್ತಾರೋ. ತಪ್ಪು ನಂದೇ ತಾನೆ" ಎಂದ.

"ನಿಮ್ಮದಲ್ಲ. ಆ ಸಾಲು ಇತ್ತು. ನಾನೇ ತೆಗೆದೆ. ದುಡ್ಡು ಕೊಡದೆ ಇರೋರಿಗೆ ಕಾಣದ ಹಾಗೆ ಬೇರೆ ಕಡೆ ಇಟ್ಟೆ. ನಿಮ್ಮ ಯಜಮಾನಿಯವರ ನಂಬರ್ ಕೊಡಿ, ನಾನೇ ಹೇಳ್ತೀನಿ."

ಮೈದುನ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವಳು ಫೋನಿಟ್ಟು, ತನ್ನ ಮೇಜಿಗೆ ಹೋಗಿ, ಕಣ್ಣು ಮುಚ್ಚಿ, ಕತ್ತರಿಸಿದ ಸಾಲುಗಳನ್ನು ಎಲ್ಲರ ಪುಟಕ್ಕೂ ಮರಳಿ ಅಂಟಿಸಿದಳು.

"ನನ್ನ ಒಂದು ಮಾತು ಕೇಳಲಿಲ್ಲ ನೀವು" ಎಂದ ಮೈದುನ.

"ಕೇಳಿದ್ರೆ ನೀನು ಬೇಡ ಅನ್ಬೇಕಾಗ್ತಿತ್ತು. ಆ ಮಾತು ನಿನ್ನ ಬಾಯಲ್ಲಿ ಬರೋದು ಬೇಡ ಅಂತ ಕೇಳಲಿಲ್ಲ. ಬೇಕಾದ್ರೆ ನನ್ನ ಕುರ್ಚಿ ಎತ್ತಿಬಿಡು. ಆ ಸಾಲು ಮಾತ್ರ ಎತ್ತಬೇಡ."

ಗಿಳಿಗೆ ಮೈಯೆಲ್ಲ ಉರಿಯಿತು. "ಸರಿ ಅತ್ತಿಗೆ, ಪುಣ್ಯ ಬಂತು. ಇನ್ನು ಮೇಲೆ ಅದನ್ನೇ ಬೇಯಿಸಿಕೊಂಡು ತಿನ್ನೋಣ. ನನಗೆ ಒಂದು ಸೌಟು ಜಾಸ್ತಿ ಹಾಕಿ."

ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

ಮರುದಿನ ಎಲ್ಲರ ಮುಂದೆಯೇ ಅವಳು ಬಸ್ ಕಂಪನಿಯ ಯಜಮಾನಿಗೆ ಫೋನ್ ಮಾಡಿದಳು. ಬೈಗುಳ ಕೋಣೆಯ ಆಚೆಗೂ ಕೇಳುವಷ್ಟಿತ್ತು. ಅವಳು ನಡುವೆ ಬಾಯಿ ಹಾಕಲಿಲ್ಲ. ಹೂಂ, ಹೌದಮ್ಮ, ತಪ್ಪು ನಮ್ಮದೇ ಎನ್ನುತ್ತಾ ಹೋದಳು. ಬೈದು ಬೈದು ಆ ಹೆಂಗಸಿಗೆ ದಣಿವಾಯಿತು.

"ಆಯ್ತಾಯ್ತು. ಈಗ ಆ ಪುಟ ಸರಿ ಮಾಡಿದ್ದೀರಿ. ಅದನ್ನ ಕಟ್ಕೊಂಡು ನಾನೇನು ಮಾಡ್ಲಿ? ನಮ್ಮವನು ಟಿಕೆಟ್ ಮಿಷಿನ್ ನೋಡ್ಬೇಕು, ಕ್ಯಾಮೆರಾ ನೋಡ್ಬೇಕು, ಪ್ರಿಂಟರ್ ಕೆಟ್ರೂ ಅವನೇ. ಪುಟ ಓದ್ತಾ ಕೂರೋಕೆ ಅವನಿಗೆಲ್ಲಿ ಪುರುಸೊತ್ತು? ನಿಮ್ಮ ದೋಣಿ ನೀವೇ ನಡೆಸಿಕೊಡಿ. ತಿಂಗಳಿಗೆ ಎಷ್ಟು ಅಂತ ಹೇಳಿ."

ಅತ್ತಿಗೆ ಮೈದುನನತ್ತ ನೋಡಿದಳು. ಅವನು ಫೋನನ್ನು ತಾನೇ ತೆಗೆದುಕೊಂಡ. "ಅಮ್ಮಾ, ದೊಡ್ಡ ಕಂಪನಿಯವರೂ ಇದನ್ನ ಬಾಡಿಗೆಗೆ ಕೊಡ್ತಾರಲ್ಲ, ಅಲ್ಲಿಗೆ ಹೋಗಲ್ವಾ?" ಎಂದ. ಗಿಳಿ ಹಣೆ ಚಚ್ಚಿಕೊಂಡ.

"ಹೋಗಿ ನೋಡಿದೆ. ಅಲ್ಲಿ ಫೋನ್ ಎತ್ತೋದೇ ಒಂದು ಮಿಷಿನ್ನು. ಏನಾದ್ರೂ ಆದ್ರೆ ಯಾರನ್ನ ಬೈಯೋದು? ನಿಮ್ಮನ್ನಾದ್ರೆ ಬೈಬಹುದು, ನೀವು ಕೇಳಿಸ್ಕೊಳ್ತೀರಿ. ಆದ್ರೆ ಮೊದಲನೇ ತಿಂಗಳು ಪುಕ್ಕಟೆ. ಆ ಸೀಟುಗಳ ದುಡ್ಡು ನಾನು ಜನಕ್ಕೆ ವಾಪಸ್ ಕೊಟ್ಟಿದ್ದೀನಿ."

"ಒಪ್ಪಿದೆ. ಇನ್ನೊಂದು ಮಾತು, ನಿಮ್ಮ ಹುಡುಗನ ಕೆಲಸ..."

"ಅವನನ್ನ ತೆಗೆದು ಪ್ರಿಂಟರ್ ನೀವು ಬಂದು ನೋಡ್ತೀರಾ?"

ಕೋಪ ಇಳಿದ ಮೇಲೆ ಗಿಳಿಯೇ ಎದ್ದು ಬಂದು ಕಿಟಕಿಯ ಪಕ್ಕ ನಿಂತ.

"ಅತ್ತಿಗೆ, ಒಂದು ವಿಷಯ. ಒಪ್ಪಂದ ಬೇಡ ಅಂದೋರಲ್ಲಿ ಅರ್ಧ ಜನ ನಂಗೆ ಒಂದೇ ಮಾತು ಹೇಳ್ತಿದ್ರು. 'ಹೊಸದೂ ಬೇಡ ಏನೂ ಬೇಡ, ಹಳೇದು ನಡೀತಿದೆ, ನಮ್ಮನ್ನ ನಮ್ಮ ಪಾಡಿಗೆ ಬಿಡಿ' ಅಂತ. ನಾನು ಅದನ್ನ ಬಾಗಿಲು ಮುಚ್ಚಿದ್ರು ಅಂತ ಲೆಕ್ಕ ಹಾಕ್ತಿದ್ದೆ. ಬಿಡಿ, ಹಳೇದ್ರಲ್ಲೇ ಇರಿ, ಅದಕ್ಕೆ ತೂತು ಬೀಳದ ಹಾಗೆ ಇನ್ನು ಇಷ್ಟು ವರ್ಷ ಅಂತ ನಾವು ನೋಡ್ಕೊಳ್ತೀವಿ ಅಂದ್ರೆ? ಅದಕ್ಕೆ ದುಡ್ಡು ಕೊಡಲ್ವಾ ಅವರು?"

"ನನ್ನ ಕೇಳ್ತೀಯಲ್ಲಪ್ಪಾ, ಮಾರೋದು ನಿನ್ನ ವಿದ್ಯೆ."

"ಅಲ್ಲ, ಇದಕ್ಕೆ ಏನೂ ಮುಚ್ಚಿಡಬೇಕಾಗಿಲ್ಲ ನೋಡಿ. ಅದಕ್ಕೆ ಕೇಳಿದೆ."

ಮುಂದಿನದು ಸುಲಭವಾಗಿರಲಿಲ್ಲ. ಒಂದು ಕೋಣೆ ಬಿಟ್ಟುಕೊಟ್ಟರು. ಇಬ್ಬರು ಬೇರೆ ಕಡೆ ಕೆಲಸ ಹಿಡಿದು ಹೋದರು. ಹೋಗುವಾಗ ಅವಳ ಕಾಲು ಮುಟ್ಟಲು ಬಂದವನನ್ನು ಅವಳು ಬೈದು ಎಬ್ಬಿಸಿದಳು. ಭಾರಿ ಕಂಪನಿ ತನ್ನ ಬಾಡಿಗೆಯನ್ನು ಇಂದಿಗೂ ಎಣಿಸುತ್ತಿದೆ, ಇವರಿಗೆ ಬಿಡಿಗಾಸೂ ಬರುವುದಿಲ್ಲ. ಆದರೆ ಬಸ್ ಕಂಪನಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬಂದವು: ತಮ್ಮ ದೋಣಿಯನ್ನು ಇವರೇ ನಡೆಸಲಿ ಎಂದವರು. ಹಳೆಯ ದೋಣಿಯನ್ನು ಬಿಡಲು ಮನಸ್ಸಿಲ್ಲದ ದೊಡ್ಡ ದೊಡ್ಡ ಕಚೇರಿಗಳನ್ನು ಗಿಳಿ ಒಂದೊಂದಾಗಿ ಹುಡುಕಿ ತಂದ. ಅವನ ಬಾಯಿ ಮತ್ತೆ ನಿಲ್ಲದಾಯಿತು.

ಅತ್ತೆಗೆ ಈಗ ಅವಳು ಹೀಗೆ ಹೇಳುತ್ತಾಳೆ: "ಮಳೆಯನ್ನ ದೇವರು ಮಾರಲ್ಲ ಅತ್ತೆ. ಆದ್ರೆ ನೀರನ್ನ ಮನೆ ತನಕ ಹೊತ್ತು ತಂದವರಿಗೆ ನೀವೂ ಕೂಲಿ ಕೊಡ್ತೀರಲ್ಲ."

"ಕೊಡ್ತೀನಿ. ಚೌಕಾಶಿ ಮಾಡಿಯೇ ಕೊಡ್ತೀನಿ" ಎನ್ನುತ್ತಾರೆ ಅತ್ತೆ.

ಮೊನ್ನೆ ದೋಣಿಯ ಮುಂದಿನ ಆವೃತ್ತಿ ಸಿದ್ಧವಾಯಿತು. ಪುಟ ಹೊರಬೀಳುವ ಮುಂಚೆ ಮೈದುನ ಅವಳ ಹಿಂದೆ ಬಂದು ನಿಂತ.

"ಎಲ್ಲಾ ಬರೆದ್ರಾ ಅತ್ತಿಗೆ?"

"ಎಲ್ಲಾ."

"ಕೊನೇ ತುಂಡು?"

"ನೀನು ಮಾಡಿರೋ ಕೆಲಸ ನೋಡಿದ್ರೆ ಈ ಸಲ ಕೊನೇ ತುಂಡೇ ಪುಟಕ್ಕಿಂತ ಉದ್ದ."

ಪುಟ ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತು. ಬಸ್ಸಿನವನು. ಅವರ ದೋಣಿಯನ್ನು ಈಗ ಇವರೇ ನಡೆಸುವುದು. ಅವನು ಆ ಪುಟ ಓದುವ ಅಗತ್ಯವೇ ಇರಲಿಲ್ಲ. ಆದರೂ ಅವನು ಮೊದಲು ಕೊನೆಯ ತುಂಡನ್ನು ಓದಿ, ತನ್ನ ಮನೆಯ ಯಂತ್ರದಲ್ಲಿ ಮಾಡಿ ನೋಡಿದ್ದ.

"ಅಮ್ಮಾ, ತಪ್ಪು ತಿಳೀಬೇಡಿ. ಒಂದು ಜಾಗ ಬಿಟ್ಟು ಹೋಗಿದೆ. ನಡುವೆ ಕರೆಂಟ್ ಹೋದ್ರೆ ಏನು ಮಾಡ್ಬೇಕು ಅಂತ ಇಲ್ಲ. ನಂಗೆ ಹೋಯ್ತು, ನಾನು ಪೇಚಾಡಿದೆ."

"ಇರಿ, ಇರಿ" ಎಂದು ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಮೊದಲಿಂದ ಹೇಳಿ. ನಿಮ್ಮ ಕೈ ಆಗ ಎಲ್ಲಿತ್ತು?"